ನೀವು ಕೇಳಿದಿರಿ: ಮೊದಲು ಕುರ್ಚಿ, ಆಮೇಲೆ ಬಸ್ಸು

ಹಿಂದಿನ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ: ಊರಿನ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಬೇಕಾದರೆ ನಕ್ಷೆ ನೋಡಬೇಡಿ, ಸಾರಿಗೆ ಸಮಿತಿಯ ಸದಸ್ಯರ ಪಟ್ಟಿ ನೋಡಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸಬರಿಗೆ ಹೇಳಿಬಿಡುತ್ತೇನೆ, ನಾನು ರಾಜಕಾರಣಿಯೂ ಅಲ್ಲ, ಎಂಜಿನಿಯರೂ ಅಲ್ಲ. ಒಂದು ನಗರಸಭೆಯಲ್ಲಿ 26 ವರ್ಷ ಸಭೆಯ ನಡಾವಳಿ ಬರೆದವನು. ಅವರು ಮಾತಾಡುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರು ಮರೆಯುತ್ತಿದ್ದರು, ನಾನು ಹುಡುಕಿ ಕೊಡುತ್ತಿದ್ದೆ.

ಪ್ರಶ್ನೆ: ಸಮಿತಿಗಳಿಗೆ ಸದಸ್ಯರನ್ನು ಆರಿಸುವುದು ಯಾರು? ಚುನಾವಣೆ ಮುಗಿದು ಕೆಲವು ದಿನಕ್ಕೆ ಪಟ್ಟಿ ಬರುತ್ತದೆ. ಅದು ಹೇಗೆ ತಯಾರಾಯಿತು ಅಂತ ಯಾರೂ ಹೇಳುವುದಿಲ್ಲ.

ಉತ್ತರ: ಕಾನೂನು ಊರಿಂದೂರಿಗೆ ಬೇರೆ. ಆದರೆ ದಾರಿ ಹೆಚ್ಚು ಕಡಿಮೆ ಮೂರೇ. ಮೇಯರ್ ಹೆಸರು ಸೂಚಿಸುತ್ತಾರೆ, ಸಭೆ ಒಪ್ಪುತ್ತದೆ. ಇಲ್ಲವೇ ಪಕ್ಷಗಳ ಬಲಕ್ಕೆ ತಕ್ಕಂತೆ ಕುರ್ಚಿ ಹಂಚುತ್ತಾರೆ. ಇಲ್ಲವೇ ಪಟ್ಟಿ ಮಾಡುವುದಕ್ಕೇ ಒಂದು ಸಣ್ಣ ಸಮಿತಿ ಇರುತ್ತದೆ. ಕೆನಡಾದ ಟೊರೊಂಟೊದಲ್ಲಿ ಅದರ ಹೆಸರು ಸ್ಟ್ರೈಕಿಂಗ್ ಕಮಿಟಿ. ಹೆಸರು ಕೇಳಿ ಮುಷ್ಕರ ಅಂದುಕೊಳ್ಳಬೇಡಿ. ಸಮಿತಿ ರಚಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಹಳೇ ಮಾತು ಅದು.

ಕಾಗದದ ಮೇಲೆ ಇಷ್ಟು. ನಿಜವಾದ ಕೆಲಸ ನಡೆಯುವುದು ಸಭೆಗೆ ಮುಂಚೆ, ಮೊಗಸಾಲೆಯಲ್ಲಿ. ಹಣಕಾಸು ಸಮಿತಿಗೆ ಹದಿನೈದು ಜನ ಆಸೆಪಡುತ್ತಾರೆ. ಕಾಮಗಾರಿ ಸಮಿತಿಗೆ ಅದಕ್ಕಿಂತ ಜಾಸ್ತಿ. ಗ್ರಂಥಾಲಯಕ್ಕೆ ಯಾರಾದರೂ ಇದ್ದೀರಾ ಅಂದರೆ ಎಲ್ಲರಿಗೂ ಫೋನ್ ಬರುತ್ತದೆ. ಸಾರಿಗೆ ಸಮಿತಿ ಈ ಎರಡರ ನಡುವೆ. ಬೇಕು ಅನ್ನುವವರು ಕಡಿಮೆ, ಆದರೆ ಬೇಕು ಅನ್ನುವವರಿಗೆ ಯಾಕೆ ಬೇಕು ಅಂತ ಸರಿಯಾಗಿ ಗೊತ್ತಿರುತ್ತದೆ. ಸಭೆಯ ದಿನ ಅಧ್ಯಕ್ಷರು ಪಟ್ಟಿಯನ್ನು ಒಂದೇ ಉಸಿರಿಗೆ ಓದುತ್ತಾರೆ. 'ಒಪ್ಪಿಗೆಯೇ?' 'ಒಪ್ಪಿಗೆ.' ನಡಾವಳಿಯಲ್ಲಿ ಅದು ಎರಡು ಸಾಲು. ಮುಂದಿನ ವರ್ಷಗಳ ಬಸ್ ದಾರಿ ಆ ಎರಡು ಸಾಲಿನಲ್ಲಿ ಮುಗಿದಿರುತ್ತದೆ.

ಮೊಗಸಾಲೆಯಲ್ಲಿ ಲೆಕ್ಕ ತಪ್ಪಿದರೆ ಮಾತ್ರ ಸಭೆಯಲ್ಲಿ ನೋಡುವಂಥದ್ದು ಏನಾದರೂ ಸಿಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2025ರ ಜನವರಿಯಲ್ಲಿ ಹೊಸ ನಗರಸಭೆ ಕೂತಿತು. 4 ವಿಭಾಗ, ತಲಾ 3 ಜನ, ಒಟ್ಟು 12 ಸದಸ್ಯರು. ಅಧ್ಯಕ್ಷರ ಆಯ್ಕೆಗೆ ಮತ ಹಾಕಿದರೆ 6-6. ಮತ್ತೆ ಹಾಕಿದರು, ಮತ್ತೆ 6-6. ಹಲವು ಸುತ್ತು ಆದಮೇಲೆ ಗಂಟು ಬಿಚ್ಚಿತು. ಸಮಸಂಖ್ಯೆಯ ಸಭೆ ಅಂದರೆ ನಡಾವಳಿ ಬರೆಯುವವನಿಗೆ ತಡರಾತ್ರಿ ಅಂತಲೇ ಅರ್ಥ.

ಪ್ರಶ್ನೆ: ಸಮಿತಿಯಲ್ಲಿ ಯಾರು ಕೂತರೇನು? ಕೊನೆಗೆ ಮತ ಹಾಕುವುದು ಪೂರ್ಣ ಸಭೆಯೇ ಅಲ್ವಾ? ನೀವು ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ.

ಉತ್ತರ: ಮಾಡುತ್ತಿಲ್ಲ. ಟೊರೊಂಟೊ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಅಲ್ಲಿ 2007ರಲ್ಲಿ, ಡೇವಿಡ್ ಮಿಲ್ಲರ್ ಮೇಯರ್ ಆಗಿದ್ದಾಗ, ಊರಿನ ಅಂಚಿನವರೆಗೂ ಲಘು ರೈಲು ಓಡಿಸುವ ಯೋಜನೆ ಬಂತು. ಬಹುಪಾಲು ರಸ್ತೆಯ ನಡುವೆಯೇ, ನೆಲದ ಮೇಲೇ. 2010ರ ಕೊನೆಯಲ್ಲಿ ರಾಬ್ ಫೋರ್ಡ್ ಮೇಯರ್ ಆದರು. ಕುರ್ಚಿ ಹಿಡಿದ ಮೊದಲ ದಿನವೇ ಆ ಯೋಜನೆ ಮುಗಿಯಿತು ಅಂದರು. ಅವರಿಗೆ ಬೇಕಾಗಿದ್ದು ನೆಲದಡಿಯ ರೈಲು. ಸಾರಿಗೆ ನಡೆಸುವ ಟಿಟಿಸಿ ಮಂಡಳಿಯಲ್ಲಿ ಆಗ 9 ಜನ, ಎಲ್ಲರೂ ನಗರಸಭೆ ಸದಸ್ಯರು. ಅಧ್ಯಕ್ಷೆ ಕ್ಯಾರೆನ್ ಸ್ಟಿಂಟ್ಜ್, ಶುರುವಿನಲ್ಲಿ ಮೇಯರ್ ಕಡೆಯವರೇ.

ಇಲ್ಲಿಂದ ಮಜಾ. ಒಂದೇ ಒಂದು ಮಾರ್ಗವನ್ನು ಪೂರ್ತಿ ನೆಲದಡಿಗೆ ಇಳಿಸುವುದಕ್ಕೇ ಅಷ್ಟು ದುಡ್ಡು ಸುರಿಯಬೇಕಾ ಅನ್ನುವ ಪ್ರಶ್ನೆ ಬಂದಾಗ ಸ್ಟಿಂಟ್ಜ್ ಮೇಯರ್‌ಗೆ ಎದುರು ನಿಂತರು. ವಿಶೇಷ ಸಭೆ ಕರೆಸಿದರು. 2012ರ ಫೆಬ್ರವರಿ 8ರಂದು ನಗರಸಭೆ 25-18 ಮತದಿಂದ ಲಘು ರೈಲನ್ನು ವಾಪಸು ತಂದಿತು. ಅಂದರೆ ಪೂರ್ಣ ಸಭೆಯಲ್ಲಿ ಮೇಯರ್ ಸೋತರು. ನಿಮ್ಮ ಲೆಕ್ಕದ ಪ್ರಕಾರ ಇಲ್ಲಿಗೆ ಕಥೆ ಮುಗಿಯಬೇಕು.

ಮುಗಿಯಲಿಲ್ಲ. ಎರಡೇ ವಾರಕ್ಕೆ, ಫೆಬ್ರವರಿ 21ರಂದು, ಅದೇ 9 ಜನರ ಮಂಡಳಿ 5-4 ಮತದಿಂದ ಟಿಟಿಸಿಯ ಮುಖ್ಯ ವ್ಯವಸ್ಥಾಪಕ ಗ್ಯಾರಿ ವೆಬ್‌ಸ್ಟರ್ ಅವರನ್ನು ಕೆಲಸದಿಂದ ತೆಗೆಯಿತು. ಮೇಯರ್‌ಗೆ ಬೇಕಾದ ಸಲಹೆಯನ್ನು ಅವರು ಕೊಟ್ಟಿರಲಿಲ್ಲ. ಸಭೆಯಲ್ಲಿ 25 ಜನ ಒಂದು ಕಡೆ ಇದ್ದರೂ ಮಂಡಳಿಯಲ್ಲಿ 5 ಜನ ಇನ್ನೊಂದು ಕಡೆ ಇದ್ದರು, ಆ 5 ಸಾಕಾಯಿತು. ಮಾರ್ಚ್ 5ರಂದು ನಗರಸಭೆ ಆ ಮಂಡಳಿಯನ್ನೇ ವಿಸರ್ಜಿಸಿತು. ಹೊಸದಾಗಿ ಕಟ್ಟಿದ ಮಂಡಳಿಯಲ್ಲಿ ಸಾಮಾನ್ಯ ನಾಗರಿಕರಿಗೂ ಜಾಗ ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಅದೇ ನಗರಸಭೆ 2013ರ ಅಕ್ಟೋಬರಿನಲ್ಲಿ, ಸ್ಕಾರ್ಬರೋ ಎಂಬ ಕಡೆಗೆ 7 ನಿಲ್ದಾಣದ ಲಘು ರೈಲಿನ ಬದಲು 3 ನಿಲ್ದಾಣದ ನೆಲದಡಿ ರೈಲೇ ಇರಲಿ ಅಂತ 24-20ರಲ್ಲಿ ತೀರ್ಮಾನಿಸಿತು. ಸ್ಟಿಂಟ್ಜ್ ಕೂಡ ಅದರ ಪರ. ಅಲ್ಲಿ ಓಡುತ್ತಿದ್ದ ಹಳೇ ರೈಲು 2023ರ ಜುಲೈಯಲ್ಲಿ ಹಳಿ ತಪ್ಪಿತು. ಮತ್ತೆ ಓಡಲಿಲ್ಲ. ಜನ ಬಸ್ ಹತ್ತಿದರು. ಕುರ್ಚಿಯಲ್ಲಿ ಸರಿಯಾದವರು ಕೂತರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲೇ ಇಲ್ಲ. ಯಾರು ಕೂತರು ಅನ್ನುವುದು ಲೆಕ್ಕಕ್ಕೆ ಬರುತ್ತದೆ ಅಂದೆ, ಅಷ್ಟೇ.

ಪ್ರಶ್ನೆ: ಬಸ್ಸನ್ನು ನಮ್ಮ ಬೀದಿಗೆ ತಿರುಗಿಸಿ ಕೊಡುತ್ತೇನೆ ಅಂತ ನಮ್ಮ ಸದಸ್ಯರು ಮಾತು ಕೊಟ್ಟಿದ್ದಾರೆ. ಬರೀ 3 ನಿಮಿಷದ ಸುತ್ತು. ಅಧಿಕಾರಿಗಳು ಆಗುವುದಿಲ್ಲ ಅನ್ನುತ್ತಾರೆ. ಮೊಂಡುತನ ತಾನೇ?

ಉತ್ತರ: ನಿಮ್ಮ ಮೇಲೆ ನನಗೆ ಕನಿಕರವಿದೆ, ಆದರೆ ಅಧಿಕಾರಿಗಳ ಮೇಲೆ ಇನ್ನೂ ಜಾಸ್ತಿ ಇದೆ. ಪೆನ್ಸಿಲ್ ತಗೊಳ್ಳಿ.

ಒಂದು ಮಾರ್ಗ ಹೋಗಿ ಬರಲು, ಎರಡೂ ತುದಿಯಲ್ಲಿ ಚಾಲಕರ ವಿಶ್ರಾಂತಿ ಸೇರಿ, 60 ನಿಮಿಷ ಅಂದುಕೊಳ್ಳಿ. 15 ನಿಮಿಷಕ್ಕೊಂದು ಬಸ್ ಬೇಕು. 60 ಭಾಗಿಸು 15, ಅಂದರೆ 4 ಬಸ್. ಈಗ ನಿಮ್ಮ ಬೀದಿಗೆ ಹೋಗುವಾಗ 3 ನಿಮಿಷ, ಬರುವಾಗ 3. ಒಟ್ಟು 66. ಭಾಗಿಸಿದರೆ 4.4. ನಾಲ್ಕು ಬಸ್ಸು ಮತ್ತು ಅರ್ಧಕ್ಕಿಂತ ಕಡಿಮೆ ಬಸ್ಸು ಅಂತ ಯಾವ ಡಿಪೋದಲ್ಲೂ ಸಿಗುವುದಿಲ್ಲ. ಐದನೆಯದು ಬೇಕು, ಅದಕ್ಕೆ ಚಾಲಕರು ಬೇಕು. ಇಲ್ಲವಾದರೆ 4 ಬಸ್ಸೇ ಇಟ್ಟು ಹದಿನಾರೂವರೆ ನಿಮಿಷಕ್ಕೊಂದು ಬಿಡಬೇಕು. ಆಗ ಪ್ರತಿ ಗಂಟೆ 5, 20, 35, 50ಕ್ಕೆ ಬಸ್ ಅಂತ ಬಾಯಿಪಾಠ ಮಾಡಿಕೊಂಡವರ ಲೆಕ್ಕ ಕೆಡುತ್ತದೆ. ಮೂರನೇ ದಾರಿಯೂ ಇದೆ, ಹೆಚ್ಚಾಗಿ ಎಲ್ಲರೂ ಹಿಡಿಯುವುದು ಅದನ್ನೇ: ವಿಶ್ರಾಂತಿಯ ನಿಮಿಷ ಕತ್ತರಿಸುವುದು. ವೇಳಾಪಟ್ಟಿಯಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಆದರೆ ಬೆಳಿಗ್ಗೆ ಒಂದು ಸಿಗ್ನಲ್ಲಿನಲ್ಲಿ ತಡವಾದ ಬಸ್ಸು ಸಂಜೆಯವರೆಗೂ ತಡವಾಗಿಯೇ ಓಡುತ್ತದೆ, ಯಾಕೆಂದರೆ ಸರಿಮಾಡಿಕೊಳ್ಳುವ ಸಮಯವನ್ನು ನಿಮ್ಮ ಬೀದಿ ತಿಂದುಬಿಟ್ಟಿದೆ.

ನಾನಿದ್ದ ಸಮಿತಿಯಲ್ಲಿ ಒಮ್ಮೆ ಒಂದು ಮಾರ್ಗದ ಠರಾವು ಬಂತು. ಟೈಪಾಗಿ ಸಹಿಗೆ ಸಿದ್ಧವಾಗಿತ್ತು. ಒಬ್ಬ ಸದಸ್ಯರು ಕನ್ನಡಕ ಹಣೆಗೇರಿಸಿ, "'ಮತ್ತು ಆಸ್ಪತ್ರೆಯ ಹಿಂದಿನ ರಸ್ತೆ ಮೂಲಕ' ಅಂತ ಸೇರಿಸಿಬಿಡಿ" ಅಂದರು. ನಾನು ಸಾಲಿನ ನಡುವೆ ಗುರುತು ಹಾಕಿ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಸೂಚಕರು ಸಿಕ್ಕರು, ಅನುಮೋದಕರು ಸಿಕ್ಕರು, ಮುಂದಿನ ವಿಷಯ. ಮುಂದಿನ ತಿಂಗಳು ಪಕ್ಕದ ವಾರ್ಡಿನವರು ಇನ್ನೊಂದು 'ಮತ್ತು' ತಂದರು. ಇವರಿಗೆ ಕೊಟ್ಟು ಅವರಿಗೆ ಇಲ್ಲ ಅನ್ನಲಾಗುತ್ತದೆಯೇ? ವರ್ಷ ಕಳೆಯುವಷ್ಟರಲ್ಲಿ ಆ ಒಂದು ವಾಕ್ಯದಲ್ಲಿ ಐದು 'ಮತ್ತು' ಇದ್ದವು. ನಕ್ಷೆಯಲ್ಲಿ ಆ ಮಾರ್ಗ ಬೆಕ್ಕಿನ ಕೈಗೆ ಸಿಕ್ಕ ನೂಲಿನುಂಡೆ ಹಾಗೆ ಕಾಣುತ್ತಿತ್ತು. 'ಮತ್ತು ಇನ್ನೊಂದು ಬಸ್ ಕೊಡತಕ್ಕದ್ದು' ಅನ್ನುವ ಆರನೇ 'ಮತ್ತು' ಮಾತ್ರ ಯಾರೂ ತರಲಿಲ್ಲ. ಆಮೇಲೆ ಜನ ಹತ್ತುತ್ತಿಲ್ಲ ಅಂತ ಅದೇ ಸಮಿತಿ ವರದಿ ಕೇಳಿತು. ಆ ಠರಾವನ್ನೂ ನಾನೇ ಬರೆದೆ.

ಪ್ರಶ್ನೆ: ಹಾಗಾದರೆ ಇದನ್ನೆಲ್ಲ ತಜ್ಞರಿಗೇ ಬಿಟ್ಟುಬಿಡಬಾರದೇ? ರಾಜಕಾರಣಿಗಳು ಯಾಕೆ ಬೇಕು?

ಉತ್ತರ: ಒಂದು ಪ್ರಶ್ನೆಗೆ ತಜ್ಞರ ಹತ್ತಿರ ಉತ್ತರ ಇಲ್ಲ, ಅದಕ್ಕೇ ಬೇಕು. ಇರುವ ಬಸ್ಸುಗಳನ್ನು ಜನ ಜಾಸ್ತಿ ಇರುವ ದಾರಿಯಲ್ಲಿ ಮೇಲಿಂದ ಮೇಲೆ ಬಿಡಬೇಕೋ, ಗಂಟೆಗೊಂದಾದರೂ ಸರಿ ಎಲ್ಲ ಮೂಲೆಗೂ ಕಳಿಸಬೇಕೋ? ಎರಡೂ ನ್ಯಾಯವೇ. ಲೆಕ್ಕ ಹಾಕಿ ತೀರ್ಮಾನಿಸುವ ವಿಷಯವಲ್ಲ ಇದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸಾರಿಗೆ ಮಂಡಳಿಯನ್ನು ಈ ಪ್ರಶ್ನೆಯ ಮುಂದೆ ನೇರವಾಗಿ ಕೂರಿಸಿದರು. ಮಂಡಳಿ 80-20 ಅಂತ ಹೇಳಿತು: ಬಸ್ ಸೇವೆಯ ನೂರರಲ್ಲಿ 80 ಪಾಲು, ಜನ ಜಾಸ್ತಿ ಹತ್ತುವ ದಾರಿಗೆ, 20 ಪಾಲು ಮೂಲೆಗಳಿಗೆ. ಅದು ಗೊತ್ತಾದ ಮೇಲೆ ತಜ್ಞರು ನಕ್ಷೆ ಬರೆದರು. 2015ರ ಆಗಸ್ಟಿನಲ್ಲಿ ಒಂದು ಭಾನುವಾರ ಊರಿನ ಬಸ್ ಜಾಲ ರಾತ್ರೋರಾತ್ರಿ ಬದಲಾಯಿತು. ಬೈದವರೂ ಇದ್ದರು. ಆದರೆ ಯಾವ ಮಾತಿಗೆ ಬೈಯುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು.

ಸಭೆಯವರಿಗಿಂತ ಜನರೇ ಮುಂದೆ ಹೋದದ್ದೂ ಇದೆ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ 1973ರಲ್ಲಿ ಸುರಂಗ ರೈಲಿನ ಯೋಜನೆಯನ್ನು ಜನ ಮತ ಹಾಕಿ ತಳ್ಳಿಹಾಕಿದರು. 1977ರಲ್ಲಿ ಟ್ರಾಮ್ ಮತ್ತು ಬಸ್ಸಿಗೆ ರಸ್ತೆಯಲ್ಲಿ ಮೊದಲ ಹಕ್ಕು ಕೊಡಲು 10 ವರ್ಷಕ್ಕೆ 20 ಕೋಟಿ ಫ್ರಾಂಕ್ ಖರ್ಚು ಮಾಡಿ ಅಂತ ಮತ ಹಾಕಿದರು. ಈಗಲೂ ಅಲ್ಲಿ ಟ್ರಾಮ್ ಬಂದರೆ ಸಿಗ್ನಲ್ ದಾರಿ ಬಿಡುತ್ತದೆ.

ಪ್ರಶ್ನೆ: ಟಿಕೆಟ್ ದರ ಇಳಿಸಲು ನಗರಸಭೆ ಠರಾವು ಮಾಡಿದರೆ ಸಾಕಲ್ಲ?

ಉತ್ತರ: ಸಾಲದು. 1981ರಲ್ಲಿ ಲಂಡನ್ನಿನ ಅಂದಿನ ಮಹಾನಗರ ಮಂಡಳಿ ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ದರವನ್ನು ಸುಮಾರು ಮೂರನೇ ಒಂದು ಪಾಲು ಇಳಿಸಿತು. ಅದರ ಖರ್ಚು ತೆರಿಗೆಯ ಮೇಲೆ ಬಿತ್ತು. ಹೊರವಲಯದ ಬ್ರಾಮ್ಲಿ ಎಂಬ ಬರೋ, ಅಂದರೆ ಲಂಡನ್ನಿನೊಳಗಿನ ಒಂದು ಸ್ಥಳೀಯ ಆಡಳಿತ, ಕೋರ್ಟಿಗೆ ಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ಪೀಠ ದರ ಇಳಿಕೆ ಕಾನೂನುಬಾಹಿರ ಅಂದಿತು. 1982ರ ಮಾರ್ಚಿನಲ್ಲಿ ದರ ದುಪ್ಪಟ್ಟಾಯಿತು. ಠರಾವಿಗೆ ಮುಂಚೆ ಕಾನೂನು ವಿಭಾಗದ ಟಿಪ್ಪಣಿ ಓದಿ. ಸಾಮಾನ್ಯವಾಗಿ ಕಡತದ ಕೊನೆಯಲ್ಲಿರುತ್ತದೆ, ಯಾರೂ ಅಲ್ಲಿವರೆಗೆ ಹೋಗುವುದಿಲ್ಲ.

ಪ್ರಶ್ನೆ: ನಾನು ಚುನಾವಣೆಗೆ ನಿಲ್ಲುವವಳಲ್ಲ, ದಿನಾ ಬಸ್ಸಿನಲ್ಲಿ ಓಡಾಡುವವಳು. ಸಮಿತಿಗೆ ಸೇರಬಹುದೇ?

ಉತ್ತರ: ಹಲವು ಊರುಗಳಲ್ಲಿ ಸೇರಬಹುದು. ಟೊರೊಂಟೊದ ಟಿಟಿಸಿ ಮಂಡಳಿಯಲ್ಲಿ 10 ಜನರಿದ್ದರೆ 6 ಜನ ನಗರಸಭೆಯವರು, 4 ಜನ ನಾಗರಿಕರು. ಸಲಹಾ ಸಮಿತಿಗಳಿಗಂತೂ ಅರ್ಜಿ ಕರೆಯುತ್ತಲೇ ಇರುತ್ತಾರೆ, ಆ ಪ್ರಕಟಣೆ ಜಾಲತಾಣದ ಮೂಲೆಯಲ್ಲಿ ಕೂತಿರುತ್ತದೆ. ಅರ್ಜಿಯಲ್ಲಿ 'ಸಮಾಜಸೇವೆಯಲ್ಲಿ ಆಸಕ್ತಿ' ಅಂತ ಬರೆಯಬೇಡಿ. ನೂರು ಅರ್ಜಿಯಲ್ಲಿ ತೊಂಬತ್ತು ಹಾಗೇ ಇರುತ್ತವೆ. ಯಾವ ಮಾರ್ಗದಲ್ಲಿ, ಎಷ್ಟು ಗಂಟೆಗೆ, ಎಲ್ಲಿ ಇಳಿದು ಎಲ್ಲಿ ಬಸ್ ಬದಲಿಸುತ್ತೀರಿ, ಅಲ್ಲಿ ಎಷ್ಟು ಹೊತ್ತು ಕಾಯುತ್ತೀರಿ ಅಂತ ಬರೆಯಿರಿ. ಮೇಜಿನ ಸುತ್ತ ಕೂತವರಲ್ಲಿ ಅದು ಗೊತ್ತಿರುವವರು ನೀವೊಬ್ಬರೇ ಆಗಿರಬಹುದು. ನಮ್ಮ ಸಮಿತಿಯ ಸಭೆಗೆ ಬಸ್ಸಿನಲ್ಲಿ ಬರುತ್ತಿದ್ದವನು ನಾನೊಬ್ಬನೇ, ನನಗೆ ಮತ ಇರಲಿಲ್ಲ.

ಪ್ರಶ್ನೆ: ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು 3 ನಿಮಿಷ ಕೊಡುತ್ತಾರಂತೆ. ಅಷ್ಟರಲ್ಲಿ ಏನು ಹೇಳಲಿಕ್ಕಾಗುತ್ತದೆ?

ಉತ್ತರ: ಬೇಕಾದಷ್ಟು. ಮೊದಲು ಅಜೆಂಡಾದ ವಿಷಯ ಸಂಖ್ಯೆ ಹೇಳಿ, ಇಲ್ಲವಾದರೆ ನಿಮ್ಮ ಮಾತು ಯಾವ ವಿಷಯದ ಕೆಳಗೂ ದಾಖಲಾಗುವುದಿಲ್ಲ. ಆಮೇಲೆ ಏನು ಬೇಕು ಅಂತ ಒಂದೇ ವಾಕ್ಯದಲ್ಲಿ ಹೇಳಿ. ಉಳಿದ ಹೊತ್ತು ನಿಮ್ಮ ಕಣ್ಣಿಗೆ ಕಂಡದ್ದಕ್ಕೆ ಇಡಿ.

ಒಬ್ಬ ಹೆಂಗಸು ಒಮ್ಮೆ ಬಂದಿದ್ದರು. ಕೈಯಲ್ಲಿ ಶಾಲೆಯ ಮಗುವಿನ ಗೆರೆಯ ನೋಟ್‌ಬುಕ್. ಮನೆ ಹತ್ತಿರದ ನಿಲ್ದಾಣಕ್ಕೆ ರಾತ್ರಿಯ ಕೊನೇ ಬಸ್ಸು ಎಷ್ಟು ಗಂಟೆಗೆ ಬಂತು ಅಂತ 22 ದಿನ ಬರೆದಿಟ್ಟಿದ್ದರು. ಬಾರದ ದಿನ ಅಡ್ಡಗೆರೆ. ಏಳು ಅಡ್ಡಗೆರೆ. ದಿನಾಂಕ ಓದಿದರು, ಕೂತರು. ಒಂದೂವರೆ ನಿಮಿಷವೂ ಆಗಿರಲಿಲ್ಲ. ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿ "ಇದು ನಿಜವೇ?" ಅಂದರು. ಆ ಪ್ರಶ್ನೆ ನಡಾವಳಿಯಲ್ಲಿದೆ. ಉತ್ತರವೂ ಇದೆ: "ಪರಿಶೀಲಿಸಿ ತಿಳಿಸುತ್ತೇನೆ." ಆ ಹೆಂಗಸು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ಕೊನೇ ಬಸ್ ಹಿಡಿಯಬೇಕು ಅಂತ ಹೊರಟರು.