ಕನ್ಸೋಲ್‌ನಲ್ಲಿ ಅಳಿಯುವ ವರ್ಟೆಕ್ಸ್ ಪ್ರೋಗ್ರಾಮಿನಲ್ಲಿ ಏಕೆ ಉಳಿಯುತ್ತದೆ?

ಗ್ರಾಫ್ ಡೇಟಾಬೇಸ್‌ಗಳ ಭಾಷೆಯಾದ ಗ್ರೆಮ್ಲಿನ್‌ನ ಕನ್ಸೋಲ್‌ನಲ್ಲಿ (ಆದೇಶ ಟೈಪಿಸಿ ತಕ್ಷಣ ಉತ್ತರ ನೋಡುವ ಕಿಟಕಿಯಲ್ಲಿ) ವರ್ಟೆಕ್ಸ್‌ಗಳನ್ನು, ಅಂದರೆ ಗ್ರಾಫ್‌ನ ಬಿಂದುಗಳನ್ನು, ಅಳಿಸಿದ ಅದೇ ಡ್ರಾಪ್ (drop) ಸಾಲು ನಿಮ್ಮ ಜಾವಾ ಪ್ರೋಗ್ರಾಮಿನಲ್ಲಿ ದೋಷವನ್ನೂ ತೋರಿಸದೆ ಸುಮ್ಮನಿರುವುದಕ್ಕೆ ಕಾರಣ, ಬಹುಶಃ, ಆ ಟ್ರಾವರ್ಸಲ್ (ಗ್ರಾಫ್‌ನಲ್ಲಿ ಹಂತ ಹಂತವಾಗಿ ಸಾಗುವ ಆದೇಶ) ಇಟರೇಟ್ ಆಗದಿರುವುದೇ, ಅಂದರೆ ನಿಜವಾಗಿ ಓಡದಿರುವುದೇ. ಡ್ರಾಪ್ ಎಂದು ಬರೆದಾಗ ಸಿದ್ಧವಾಗುವುದು ಮಾಡಬೇಕಾದ ಕೆಲಸದ ವಿವರಣೆ ಮಾತ್ರ. ಫಲಿತಾಂಶವನ್ನು ಯಾರಾದರೂ ಕೇಳುವವರೆಗೆ ಆ ಕೆಲಸ ನಡೆಯುವುದಿಲ್ಲ. ಕನ್ಸೋಲ್ ಮಾತ್ರ ಉತ್ತರವನ್ನು ತೋರಿಸುವ ಸಲುವಾಗಿ, ನೀವು ಹೇಳದಿದ್ದರೂ, ಅದನ್ನು ಕೊನೆಯವರೆಗೆ ಓಡಿಸಿಬಿಡುತ್ತದೆ. ಹೊಸಬರನ್ನು ದಾರಿ ತಪ್ಪಿಸುವ ಉಪಕಾರವಿದು.

ಮೊದಲು ಸಾಲಿನ ಕೊನೆಗೆ .iterate() (ಇಟರೇಟ್) ಸೇರಿಸಿ, ಉತ್ತರ ಬೇಕಾದಲ್ಲಿ ಅದರ ಬದಲು .next() (ನೆಕ್ಸ್ಟ್) ಅಥವಾ .toList() (ಟುಲಿಸ್ಟ್) ಬಳಸಿ. ಆಮೇಲೂ ವರ್ಟೆಕ್ಸ್ ಉಳಿದರೆ, ಪೂರ್ತಿ ಕೋಡ್ ನೋಡದೆ ಖಚಿತವಾಗಿ ಹೇಳಲಾಗದಾದರೂ, ಟ್ರಾನ್ಸಾಕ್ಷನ್ ಕಮಿಟ್ ಆಗಿದೆಯೇ, ಅಂದರೆ ಬದಲಾವಣೆಗಳು ಡೇಟಾಬೇಸ್‌ನಲ್ಲಿ ಶಾಶ್ವತವಾಗಿ ಉಳಿದಿವೆಯೇ, ಎಂದು ಪರಿಶೀಲಿಸಿ. ಕನ್ಸೋಲ್‌ನಲ್ಲಿಯೂ ಸೆಮಿಕೋಲನ್ ಹಾಕಿ ಒಂದೇ ಸಾಲಿನಲ್ಲಿ ಎರಡು ಟ್ರಾವರ್ಸಲ್ ಬರೆದರೆ ಕೊನೆಯದು ಮಾತ್ರ ತಾನಾಗಿ ನಡೆಯುತ್ತದೆ; ಮೊದಲನೆಯದಕ್ಕೆ ಇಟರೇಟ್ ಬೇಕೇ ಬೇಕು.