ಪ್ರತಿ: ಗೋಲ್ಡ್‌ಮನ್ ಸ್ಯಾಕ್ಸ್ ಶುರುವಿನಿಂದಲೂ ಷೇರು ಬಿಡುಗಡೆ ಮಾಡುವ ಬ್ಯಾಂಕೇ ಆಗಿತ್ತಾ?

ಇಲ್ಲ, ಶುರುವಿನಲ್ಲಿ ಷೇರಿನ ಮಾತೇ ಇರಲಿಲ್ಲ. ಅಮೆರಿಕದ ಈ ಬ್ಯಾಂಕನ್ನು ಶುರು ಮಾಡಿದ ಮಾರ್ಕಸ್ ಗೋಲ್ಡ್‌ಮನ್ 1848ರಲ್ಲಿ ಜರ್ಮನಿಯ ಬವೇರಿಯಾದಿಂದ ಅಲ್ಲಿಗೆ ಬಂದವರು. ಮೊದಲು ಊರೂರು ತಿರುಗಿ ಸಾಮಾನು ಮಾರಿದರು, ಆಮೇಲೆ ಫಿಲಡೆಲ್ಫಿಯಾದಲ್ಲಿ ಬಟ್ಟೆ ಅಂಗಡಿ.

1869ರಲ್ಲಿ ನ್ಯೂಯಾರ್ಕಿಗೆ ಬಂದ ಮೇಲಿನ ಕೆಲಸ ನೋಡಿ. ಅಲ್ಲಿನ ಒಡವೆ ಮತ್ತು ಚರ್ಮದ ವ್ಯಾಪಾರಿಗಳಿಗೆ ಕೈಗೆ ದುಡ್ಡು ಬೇಕಿತ್ತು, ಬ್ಯಾಂಕ್ ಸಾಲ ದುಬಾರಿ. ಇವರು ಬೆಳಿಗ್ಗೆ ಅವರ ಹತ್ತಿರ ಹೋಗಿ ಪ್ರಾಮಿಸರಿ ನೋಟುಗಳನ್ನು (ಇಂಥ ದಿನ ಇಷ್ಟು ಹಣ ಕೊಡ್ತೀನಿ ಅಂತ ಸಹಿ ಹಾಕಿದ ಸಾಲದ ಪತ್ರಗಳು) ಮುಖಬೆಲೆಗಿಂತ ಸ್ವಲ್ಪ ಕಡಿಮೆಗೆ ಕೊಂಡು, ತಮ್ಮ ಎತ್ತರದ ಟೋಪಿಯ ಪಟ್ಟಿಯೊಳಗೆ ಸಿಕ್ಕಿಸಿಕೊಂಡು, ಬ್ಯಾಂಕುಗಳಿಗೆ ನಡೆದುಹೋಗಿ ಅಷ್ಟಿಷ್ಟು ಲಾಭಕ್ಕೆ ಮಾರುತ್ತಿದ್ದರು. ಹೀಗೆ ವ್ಯಾಪಾರದವರು ಸ್ವಲ್ಪ ಕಾಲಕ್ಕೆ ಸಾಲ ಎತ್ತೋ ಪತ್ರಗಳಿಗೆ ಈಗ ಕಮರ್ಷಿಯಲ್ ಪೇಪರ್ ಅಂತೀವಲ್ಲ, ಅದೇ ಇದು. ಯಾರ ಸಹಿಯನ್ನು ನಂಬಬಹುದು ಅಂತ ಗೊತ್ತಿರೋದೇ ಇಲ್ಲಿ ಮುಖ್ಯ ಬಂಡವಾಳ, ಅದಕ್ಕೇ ನನಗೆ ಈ ಭಾಗ ತುಂಬಾ ಇಷ್ಟ.

1882ರಲ್ಲಿ ಅಳಿಯ ಸ್ಯಾಮ್ಯುಯೆಲ್ ಸ್ಯಾಕ್ಸ್ ಸೇರಿಕೊಂಡರು. ಹೆಸರಿನ ಇನ್ನೊಂದರ್ಧ ಅವರದು.

ನೀವು ಕೇಳಿದ ಷೇರು ಬಿಡುಗಡೆ ದೊಡ್ಡದಾಗಿ ಶುರುವಾಗಿದ್ದು ಮಾರ್ಕಸ್ ಅವರ ಮಗ ಹೆನ್ರಿ ಕಾಲದಲ್ಲಿ. 1904ರಲ್ಲಿ ಮಾರ್ಕಸ್ ತೀರಿಕೊಂಡರು, 1906ರಲ್ಲಿ ಲೇಮನ್ ಬ್ರದರ್ಸ್ ಅನ್ನೋ ಇನ್ನೊಂದು ಹಣಕಾಸು ಸಂಸ್ಥೆ ಜೊತೆ ಸೇರಿ, ಚಿಲ್ಲರೆ ವ್ಯಾಪಾರದ ಸಿಯರ್ಸ್ ಕಂಪನಿಯ ಷೇರನ್ನು ಜನರಿಗೆ ಮಾರಿದರು. ಅಂಗಡಿ ವ್ಯಾಪಾರದವರ ಹತ್ತಿರ ರೈಲ್ವೆ ಕಂಪನಿಗಳ ಹಾಗೆ ದೊಡ್ಡ ಆಸ್ತಿ ಇರುತ್ತಿರಲಿಲ್ಲ, ಹಾಗಾಗಿ ಗಳಿಕೆ ನೋಡಿ ಕಂಪನಿಗೆ ಬೆಲೆ ಕಟ್ಟೋಣ ಅಂದವರು ಹೆನ್ರಿ.