ಶಹಾಬಾದ್ ಫರ್ಸಿ ಮಾಳಿಗೆ ಸೋರುತ್ತಿದೆ, ನಾನೇ ರಿಪೇರಿ ಮಾಡಬಹುದಾ? – ಪ್ರತಿಕ್ರಿಯೆ

ಫರ್ಸಿ ಅಂದರೆ ಗರ್ಡರ್ (ಕಬ್ಬಿಣದ ತೊಲೆ) ಮೇಲೆ ಹಾಸಿದ ಕಲ್ಲಿನ ಚಪ್ಪಡಿ. ನಿಮ್ಮಲ್ಲಿ ಅವುಗಳ ಸಂದಿಯ ಸಿಮೆಂಟ್ ಬಿಟ್ಟುಕೊಂಡಿದೆ, ಕಲ್ಲಿನ ತಪ್ಪಲ್ಲ. ಕಲಬುರಗಿ ಬಿಸಿಲಿಗೆ ಫರ್ಸಿ ಹಿಗ್ಗಿ ಕುಗ್ಗಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ, ನೀರಿಗೆ ಅಷ್ಟೇ ಸಾಕು. ಹಳೇ ಸಿಮೆಂಟ್ ಮೇಲೇ ಇನ್ನೊಂದು ಪದರ ಬಳಿಯುತ್ತೇನೆ ಅಂದಿದ್ದೀರಿ, ಹಾಗೆ ಮಾಡಬೇಡಿ, ಬೇಸಿಗೆಗೆ ಹಪ್ಪಳದ ಹಾಗೆ ಏಳುತ್ತದೆ.

ಮೊದಲು ಒಳಗೆ ನಿಂತು ಗರ್ಡರ್ ನೋಡಿ. ತುಕ್ಕು ಪದರ ಪದರವಾಗಿ ಉದುರುತ್ತಿದ್ದರೆ ಅಥವಾ ಕಲ್ಲೇ ಅಡ್ಡಕ್ಕೆ ಸೀಳಿದ್ದರೆ ಮೇಲೆ ಹತ್ತಲೇಬೇಡಿ, ಗೌಂಡಿಯನ್ನು (ಗಾರೆ ಕೆಲಸದವರನ್ನು) ಕರೆಯಿರಿ. ಸರಿ ಇದ್ದರೆ ಮೇಲೆ ಹೋಗಿ, ಕಾಲು ಗರ್ಡರ್ ಇರುವ ಗೆರೆಯ ಮೇಲೇ ಇರಲಿ. ಸಣ್ಣ ಉಳಿಯಿಂದ ಸಂದಿಯನ್ನು ಒಂದು ಇಂಚು ಆಳಕ್ಕೆ ಕೆದರಿ, ಮಣ್ಣು, ಹುಲ್ಲಿನ ಬೇರು ಎಲ್ಲಾ ತೆಗೆಯಿರಿ. ಅರಳಿ ಸಸಿ ಇದ್ದರೆ ಬೇರು ಸಮೇತ, ಸುಮ್ನೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನೀರು ಹಾಕಿ ತೊಳೆದು, ಹಸಿ ಇರುವಾಗಲೇ 1 ಪಾಲು ಸಿಮೆಂಟ್‌ಗೆ 3 ಪಾಲು ಜರಡಿ ಹಿಡಿದ ಮರಳು ಬೆರೆಸಿ, ವಾಟರ್‌ಪ್ರೂಫ್ ಲಿಕ್ವಿಡ್ ಡಬ್ಬಿಯ ಮೇಲೆ ಬರೆದಷ್ಟೇ ಸೇರಿಸಿ, ಕರಣಿಯಿಂದ ಒತ್ತಿ ತುಂಬಿ. ಸಂಜೆ ಮಾಡಿ, ಮಧ್ಯಾಹ್ನ ಬೇಡ. 7 ದಿನ ಒದ್ದೆ ಗೋಣಿಚೀಲ ಹೊದಿಸಿಡಿ, ಇದನ್ನು ಬಿಟ್ಟರೆ ಮಾಡಿದ್ದೆಲ್ಲಾ ವ್ಯರ್ಥ.

ಮಳೆ ನಿಂತು ಎರಡು ದಿನ ಆದರೂ ಗೋಡೆ ಪಕ್ಕ ತೊಟ್ಟಿಕ್ಕುತ್ತದೆ ಅಂದಿದ್ದೀರಲ್ಲ, ಅಲ್ಲಿ ಮಾತ್ರ ನನಗೆ ಅನುಮಾನ. ಕುಂಬಿಗೋಡೆ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಮತ್ತು ಕಲ್ಲು ಸೇರುವ ಮೂಲೆಯೇ ಬಾಯಿ ಬಿಟ್ಟಿರಬಹುದು. ಆ ಮೂಲೆಗೆ ಅದೇ ಗಾರೆಯನ್ನು ಇಳಿಜಾರಾಗಿ ಕಟ್ಟಿ. ಏಳು ದಿನ ಆದಮೇಲೆ ಎರಡು ಬಿಂದಿಗೆ ನೀರು ಸುರಿದು ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಿ.